ಬೆನ್ನು ಮುಚ್ಚಿದ ಹೆಡ್‌ಫೋನ್

ಬಸ್ಸು ನರಗುಂದದ ಗುಡ್ಡವನ್ನು ಹಿಂದೆ ಬಿಟ್ಟು ರೋಣದ ರಸ್ತೆಗೆ ಬಿದ್ದ ಮೇಲೆ ಯೂಸುಫನಿಗೆ, ಕಿಟಕಿಯ ಸೀಟಿನಲ್ಲಿ ತಾನೇ ಕೂತುಬಿಟ್ಟಿದ್ದೇನೆ, ಹೆಂಡತಿಗೆ ಬಿಡಬೇಕಾಗಿತ್ತು ಎಂದು ಹೊಳೆಯಿತು. ಹೊಳೆದರೂ ಏಳಲಿಲ್ಲ. ಏಳುವ ಗದ್ದಲದಲ್ಲಿ ಅಂಗಿಯೊಳಗೆ ಬನಿಯನ್ನಿಗೆ ಒತ್ತಿ ಇಟ್ಟುಕೊಂಡ ಸಿ.ಡಿ. ಎಲ್ಲಿ ಸೀಳಿಹೋಗುತ್ತದೋ ಎಂದು ತನಗೆ ತಾನೇ ನೆಪ ಹೇಳಿಕೊಂಡ. ನಿಜ ಏನೆಂದರೆ ಅವನಿಗೆ ಹೊರಗೆ ನೋಡುತ್ತ, ಯಾರಿಗೂ ಮುಖ ತೋರಿಸದೆ, ಒಳಗೊಳಗೇ ಕುಣಿಯಬೇಕಿತ್ತು. ಇವತ್ತು ಹೆಡ್‌ಫೋನ್ ಕೊಳ್ಳುವ ದಿನ. ಮನೆಯಲ್ಲಿ ಹೇಳಿದ್ದು ಬೇರೆ: ಸೈರಾಬಾನುವನ್ನು ಗಜೇಂದ್ರಗಡದ ತವರಿಗೆ ಕರೆದುಕೊಂಡು ಹೋಗಿ ಬರುತ್ತೇನೆ, ಮದುವೆಯಾದಾಗಿನಿಂದ ಆಕೆ ಅವ್ವನ ಮುಖ ಸರಿಯಾಗಿ ನೋಡಿಲ್ಲ ಎಂದು. ಅದನ್ನು ಕೇಳಿ ಅವನ ತಾಯಿ ಬೀಬಿಜಾನ ಕಣ್ಣಲ್ಲಿ ನೀರು ತಂದುಕೊಂಡು, ಸೊಸೆಯ ಮೇಲೆ ಮಗನಿಗಿರುವ ಕಾಳಜಿಯನ್ನು ಓಣಿಗೆಲ್ಲ ಹೇಳಿ ಬಂದಿದ್ದಳು. ಹೊಗಳಿಕೆ ಕೇಳುವಾಗ ಯೂಸುಫನ ಕಿವಿ ಕೆಂಪಾಗಿತ್ತು. ಗಜೇಂದ್ರಗಡದ ಬಜಾರಿನಲ್ಲಿ ಒಂದು ಹೊಸ ಕಂಪ್ಯೂಟರ್ ಅಂಗಡಿ ತೆರೆದಿದೆ, ಅಲ್ಲಿ ಬೆನ್ನು ಮುಚ್ಚಿದ ಹೆಡ್‌ಫೋನ್ ಬಂದಿದೆ ಎಂಬ ಸುದ್ದಿ ಬರದಿದ್ದರೆ ಈ ಕಾಳಜಿ ಇನ್ನೂ ಒಂದು ಹಬ್ಬ ಕಾಯುತ್ತಿತ್ತು ಎಂಬುದು ಅವನಿಗೊಬ್ಬನಿಗೇ ಗೊತ್ತು.

ಬೆನ್ನು ಮುಚ್ಚಿದ್ದು. ಈ ಮಾತನ್ನು ಅವನು ತಹಶೀಲ್ದಾರ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು, ಪಹಣಿಯ ಅರ್ಜಿ, ತಕರಾರು ಅರ್ಜಿ ಟೈಪ್ ಮಾಡುವ ನಡುವೆ, ಇಂಟರ್ನೆಟ್ಟಿನಲ್ಲಿ ಓದಿ ಓದಿ ತಾನೇ ಕಟ್ಟಿಕೊಂಡಿದ್ದ. ಪುಟ ತೆರೆದುಕೊಳ್ಳುವುದು ಸಾಲು ಸಾಲಾಗಿ. ಮೊದಲು ಹೆಡ್‌ಫೋನಿನ ಪಟ್ಟಿ, ಆಮೇಲೆ ಒಂದು ಕಿವಿ, ಅಷ್ಟರಲ್ಲಿ ಯಾವನೋ ಒಬ್ಬ ಬಂದು ವಾರಸಾ ಅರ್ಜಿ ಬರೆಸಲು ನಿಲ್ಲುತ್ತಿದ್ದ. ಅರ್ಧ ತಿಳಿದು ಅರ್ಧ ತಿಳಿಯದೆ ಓದಿದ್ದರಲ್ಲಿ ಅವನಿಗೆ ಇಷ್ಟು ಗಟ್ಟಿಯಾಗಿತ್ತು: ಬಟ್ಟಲಿನ ಹಿಂಬದಿಗೆ ಜಾಲಿ ಇದ್ದರೆ ಒಳಗಿನ ಸದ್ದು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುತ್ತದೆ; ಹಿಂಬದಿ ಮುಚ್ಚಿದ್ದರೆ ಒಳಗಿನದು ಒಳಗೇ, ಹೊರಗಿನದು ಹೊರಗೇ. ಜಾಲಿಯದರಲ್ಲಿ ಹಾಡು ಬಯಲಿನಲ್ಲಿ ಕೇಳಿದಂತೆ ಇರುತ್ತದಂತೆ, ಇರಲಿ. ಅವನಿಗೆ ಬಯಲು ಬೇಕಿರಲಿಲ್ಲ. ಬಯಲು ನರಗುಂದದಲ್ಲಿ ಬೇಕಾದಷ್ಟಿತ್ತು. ಅವನಿಗೆ ಬೇಕಾದದ್ದು ಬಾಗಿಲು ಹಾಕಿಕೊಳ್ಳುವ ಒಂದು ಖೋಲಿ, ಕಿವಿಯಷ್ಟೇ ದೊಡ್ಡದಾದರೂ ಸಾಕು. ಹುಬ್ಬಳ್ಳಿಯಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರಿಗೆ ಮನೆಯಲ್ಲಿ ಸಿಕ್ಕಿದ್ದು ಪಡಸಾಲೆಯ ಮೂಲೆ. ಅದರ ಒಂದು ಬದಿಗೆ ಅಪ್ಪ ಕಾಶೀಂಸಾಬನ ಗಾದಿಯ ಹತ್ತಿ ಮೂಟೆಗಳು, ಇನ್ನೊಂದು ಬದಿಗೆ ಅವ್ವ ಮಧ್ಯಾಹ್ನ ಮಲಗುವ ಹೊರಸು. ಸ್ಪೀಕರ್ ಹಚ್ಚಿ ಗುಂಡು ಹಾರಿಸುವ ಆಟ ಶುರುಮಾಡಿದರೆ ಸಾಕು, ಅವ್ವ ದಡಗ್ಗನೆ ಎದ್ದು ಕೂರುತ್ತಿದ್ದಳು. ‘ಯೂಸುಫಾ, ಪೊಲೀಸ್ರು ಬಂದಾರೇನೋ?’ ಸದ್ದು ಪೂರ್ತಿ ಇಳಿಸಿದರೆ ಹಿಂದಿನಿಂದ ಬರುವ ವೈರಿಯ ಹೆಜ್ಜೆ ಕೇಳಿಸದೆ ಅವನು ಸಾಯುತ್ತಿದ್ದ, ದಿನವೂ, ಯಾರಿಂದ ಸತ್ತೆ ಎಂಬುದೂ ತಿಳಿಯದೆ.

ಅಂಗಿಯೊಳಗಿನ ಸಿ.ಡಿ.ಯಲ್ಲಿ ಪರೀಕ್ಷೆಗೆಂದು ಮೂರನ್ನು ತುಂಬಿಕೊಂಡಿದ್ದ. ಒಂದು ಸಿನಿಮಾದ ತುಣುಕು: ಗುಡುಗು ಮಳೆಯ ನಡುವೆ ಇಬ್ಬರು ಪಿಸುಮಾತಿನಲ್ಲಿ ಜಗಳವಾಡುವುದು, ಮಳೆಯೂ ಕೇಳಬೇಕು, ಪಿಸುಮಾತೂ ಕೇಳಬೇಕು. ಒಂದು ಆಟ, ಹೆಜ್ಜೆ ಎಡಗಡೆಯದೋ ಬಲಗಡೆಯದೋ ಗೊತ್ತಾಗಬೇಕು. ಮತ್ತೊಂದು ಹಾಡು. ಅದರ ಕೊನೆಯ ಚರಣದಲ್ಲಿ ತಬಲಾದ ಹಿಂದೆ, ಹಾರ್ಮೋನಿಯಮ್ಮಿನ ಹಿಂದೆ, ಎಲ್ಲೋ ದೂರದಲ್ಲಿ ಒಂದು ಗೆಜ್ಜೆ ಇದೆ; ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯಲ್ಲಿ ಒಮ್ಮೆ ಕೇಳಿದ್ದ, ಆಮೇಲೆ ಎಷ್ಟು ಸಲ ಹಚ್ಚಿದರೂ ಮನೆಯ ಸ್ಪೀಕರಿನಲ್ಲಿ ಅದು ಸಿಕ್ಕಿರಲಿಲ್ಲ. ಸಿನಿಮಾಕ್ಕೆ ಚಲೋ ಇದ್ದದ್ದು ಹಾಡಿಗೆ ದಪ್ಪ ಆಗುತ್ತದೆ, ಹಾಡಿಗೆ ಚಲೋ ಇದ್ದದ್ದು ಆಟಕ್ಕೆ ಸಪ್ಪೆ ಎಂದು ಓದಿದ್ದ. ಮೂರಕ್ಕೂ ಒಗ್ಗುವುದು, ಎರಡು ಸಾವಿರದ ಒಳಗೆ, ಈ ಮೂರು ಊರಿನ ಒಳಗೆ. ಇದಕ್ಕಿಂತ ಹೆಣ್ಣು ನೋಡುವುದು ಸುಲಭವಿತ್ತು ಎಂದುಕೊಂಡು ನಕ್ಕ, ನಕ್ಕದ್ದು ಪಕ್ಕದಲ್ಲಿ ಕೂತವಳಿಗೆ ಕಂಡಿತೇನೋ ಎಂದು ತಿರುಗಿ ನೋಡಿದ. ಸೈರಾಬಾನು ತೊಡೆಯ ಮೇಲೆ ಉಂಡಿಯ ಡಬ್ಬಿ ಇಟ್ಟುಕೊಂಡು ಸುಮ್ಮನೆ ಮುಂದೆ ನೋಡುತ್ತಿದ್ದಳು. ಆಕೆ ಸುಮ್ಮನಿರುವುದು ಅವನಿಗೆ ರೂಢಿಯಾಗಿತ್ತು. ರೂಢಿಯಾಗಿದ್ದಕ್ಕೆ ಒಂದೊಂದು ಸಲ ಸಂಕಟವೂ ಆಗುತ್ತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಹೀಗಿರಲಿಲ್ಲ. ಆಕೆಯ ತವರಿನಲ್ಲಿ ಹಗಲೆಲ್ಲ ಮಗ್ಗ ಓಡುತ್ತವೆ, ಕರೆಂಟಿನ ಮಗ್ಗ. ಆ ಸದ್ದಿನಲ್ಲಿ ಯಾರೂ ಯಾರ ದನಿಯನ್ನೂ ಕೇಳಲು ಹೋಗುವುದಿಲ್ಲ. ತುಟಿಯಲ್ಲಿ ಹೇಳುತ್ತಾರೆ, ಕಣ್ಣಲ್ಲಿ ಕೇಳಿಸಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಹಾಗೇ ಬೆಳೆದವಳು ನರಗುಂದದ ಈ ಶಾಂತ ಮನೆಗೆ ಬಂದು, ಅಂಗಳದ ಆ ಕಡೆ ನಿಂತ ಅತ್ತೆಗೆ ಈ ಕಡೆಯಿಂದ, ಚಾ ಆಗಿದೆ ಬನ್ನಿ ಎಂದು ದನಿಯಿಲ್ಲದೆ ತುಟಿಯಾಡಿಸಿದಳು. ಬೀಬಿಜಾನ ಅದನ್ನು ನೋಡಿ, ಸೊಸೆ ತನ್ನನ್ನು ಬಾಯೊಳಗೇ ಬಯ್ಯುತ್ತಿದ್ದಾಳೆ ಎಂದು ತಿಳಿದು ಊಟ ಬಿಟ್ಟಳು. ಗುಟ್ಟು ತಿಳಿಯುವಷ್ಟರಲ್ಲಿ ಮನೆಯಲ್ಲಿ ಅಳು, ಆಣೆ ಎಲ್ಲ ಆಗಿಹೋಗಿತ್ತು. ಆಮೇಲೆ ಎಲ್ಲರೂ ನಕ್ಕರು, ಸೈರಾ ಕೂಡ ನಕ್ಕಳು. ಆದರೆ ಅಂದಿನಿಂದ ತುಟಿಯನ್ನೂ ಕಟ್ಟಿಕೊಂಡಳು, ದನಿಯನ್ನೂ ಕಟ್ಟಿಕೊಂಡಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಒಂದು ಸಂಜೆ ಯೂಸುಫ ಆಟದಲ್ಲಿ ಮುಳುಗಿದ್ದಾಗ ಆಕೆ ಕುರ್ಚಿಯ ಹಿಂದೆ ನಿಂತು ಏನೋ ಹೇಳಲು ಶುರುಮಾಡಿದ್ದಳು, ಚಿಕ್ಕಂದಿನಲ್ಲಿ ಮಗ್ಗದ ಲಾಳಿ ಹಾರಿ ಬಂದು ಹಣೆಗೆ ಬಡಿದದ್ದೋ ಏನೋ. ಅವನು ಪರದೆಯಿಂದ ಕಣ್ಣು ತೆಗೆಯದೆ ಹೂಂ ಹೂಂ ಎನ್ನುತ್ತಿದ್ದ. ಆಕೆ ಎಲ್ಲಿ ನಿಲ್ಲಿಸಿದಳೆಂದು ಅವನಿಗೆ ತಿಳಿಯಲೇ ಇಲ್ಲ. ತಿರುಗಿ ನೋಡಿದಾಗ ಆಕೆ ಒಲೆಯ ಮುಂದಿದ್ದಳು. ಲಾಳಿ ಬಡಿದು ಆಮೇಲೇನಾಯಿತೆಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಾನೆ. ಕೇಳಿಲ್ಲ.

ರೋಣದಲ್ಲಿ ಬಸ್ಸು ಬದಲಿಸಬೇಕಿತ್ತು. ‘ನೀ ಇಲ್ಲೇ ಕುಂದ್ರು, ಹಿಂಗ್ ಹೋಗಿ ಹಂಗ್ ಬರ್ತೀನಿ,’ ಎಂದು ಆಕೆಯನ್ನು ನಿಲ್ದಾಣದ ಕಟ್ಟೆಯ ಮೇಲೆ ಚೀಲಗಳ ಜೊತೆ ಕೂರಿಸಿ ಓಡಿದ. ರೇಡಿಯೋ ರಿಪೇರಿಯ ಅಂಗಡಿಯವನು ಗಾಜಿನ ಕಪಾಟಿನಿಂದ ತೆಗೆದುಕೊಟ್ಟದ್ದನ್ನು ತಿರುಗಿಸಿ ನೋಡಿದರೆ ಹಿಂಬದಿ ಪೂರ್ತಿ ಜಾಲಿ. ‘ಇದು ಬ್ಯಾಡ್ರಿ, ಬೆನ್ನ ಮುಚ್ಚಿದ್ದ ಬೇಕು,’ ಎಂದ. ‘ಜಾಲಿ ಇದ್ರ ಗಾಳಿ ಆಡತೈತ್ರಿ, ಕಿವಿ ಬೆವರಂಗಿಲ್ಲ,’ ಎಂದು ಅಂಗಡಿಯವನು ತಿಳಿಹೇಳಿದ. ಯೂಸುಫ ಅಲ್ಲೇ ನಿಂತು ಅವನಿಗೆ ಒಳಗಿನ ಸದ್ದು, ಹೊರಗಿನ ಸದ್ದು ಎಂದು ಎರಡೂ ಕೈಯನ್ನು ಕಿವಿಗೆ ಬಟ್ಟಲು ಮಾಡಿ ಹಿಡಿದು ವಿವರಿಸತೊಡಗಿದ. ವಿವರಿಸುತ್ತ ವಿವರಿಸುತ್ತ ಎಷ್ಟು ಖುಷಿಯಾಯಿತೆಂದರೆ, ಪಕ್ಕದ ಅಂಗಡಿಗೆ ಬೀಡಿ ಕೊಳ್ಳಲು ಬಂದವನೊಬ್ಬ ನಿಂತು ಪೂರ್ತಿ ಕೇಳಿ, ‘ಕಿವಿ ಬ್ಯಾನಿ ಐತೇನ್ರಿ, ಪಾಪ,’ ಎಂದು ಮರುಗಿ ಹೋದ. ಕಟ್ಟೆಗೆ ಮರಳಿ ಬಂದಾಗ ದೂರದಿಂದಲೇ ಸೈರಾಳ ತುಟಿ ಆಡಿದ್ದು ಕಂಡಿತು, ದನಿಯಿಲ್ಲ. ಇದು ತವರಲ್ಲ ಎಂದು ಥಟ್ಟನೆ ನೆನಪಾಗಿ ಆಕೆ ಸುತ್ತ ನೋಡಿ, ತುಟಿ ಒರೆಸಿಕೊಂಡಳು. ‘ಬಸ್ ಹೋತ್ರಿ,’ ಎಂದಳು, ಈಗ ದನಿ ತೆಗೆದು. ‘ಹೋಗ್ಲಿ, ಇನ್ನೊಂದ್ ಬರತೈತಿ,’ ಎಂದ ಯೂಸುಫ. ಅವನಿಗೆ ಬಸ್ಸು ಹೋದದ್ದರ ದುಃಖವೇ ಇರಲಿಲ್ಲ. ರೋಣದಲ್ಲಿ ಸಿಗಲಿಲ್ಲ ಎಂದರೆ ಗಜೇಂದ್ರಗಡದಲ್ಲಿ ಸಿಗುವುದು ಖಾತ್ರಿ ಎಂದು, ಯಾವ ಲೆಕ್ಕವೋ ಏನೋ, ಅವನ ಎದೆ ಹೇಳುತ್ತಿತ್ತು.

ಮುಂದಿನ ಬಸ್ಸಿನ ತುಂಬ ಇಟಗಿಯ ಭೀಮವ್ವನ ಗುಡಿಗೆ ಹೊರಟ ಹೆಂಗಸರು. ಈ ಸಲ ಕಿಟಕಿಯನ್ನು ಸೈರಾಳಿಗೆ ಬಿಟ್ಟುಕೊಟ್ಟು, ಕೊಟ್ಟದ್ದಕ್ಕೆ ತನ್ನನ್ನು ತಾನೇ ಮೆಚ್ಚಿಕೊಂಡ. ಆಕೆ ಹೊರಗಿನ ಜೋಳದ ಹೊಲಗಳನ್ನು ನೋಡುತ್ತಿದ್ದಾಗ ಆಕೆಯ ಕೆನ್ನೆಯನ್ನು ನೋಡುತ್ತ ಅವನಿಗೆ ಮೊದಲ ದಿನಗಳ ಒಂದು ಮಾತು ನೆನಪಾಯಿತು. ‘ಒಂದ್ ಸಲ ನನ್ನ ಹೆಸರು ಹಿಡದು ಕರಿ,’ ಎಂದು ಪೀಡಿಸಿದ್ದ. ‘ಗಂಡನ ಹೆಸರು ಹೇಳ್ತಾರೇನ್ರಿ ಯಾರರ? ತಪ್ಪಾಕ್ಕೈತಿ,’ ಎಂದು ಆಕೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಿಮ್ಮವ್ವ ನಿಮ್ಮಪ್ಪನನ್ನು ಏನಂತ ಕರೆಯುತ್ತಾಳೆ ಎಂದು ಕೇಳಿದ್ದಕ್ಕೆ, ಹೊರಗೆ ರೀ ಅಂತಾಳೆ, ಮಗ್ಗ ಓಡುವಾಗ ಮಾತ್ರ ಹೆಸರು ಹಿಡಿಯುತ್ತಾಳೆ ಎಂದಿದ್ದಳು. ‘ದನೀನ ಹೊರಗ ಬರೂದಿಲ್ಲಲ್ರಿ. ಅದು ಹೇಳಿದಂಗಲ್ಲ.’ ಅವನಿಗೆ ಆ ಮಾತು ಎಷ್ಟು ಹಿಡಿಸಿತ್ತೆಂದರೆ ಜೆರಾಕ್ಸ್ ಅಂಗಡಿಯಲ್ಲಿ ಎರಡು ದಿನ ಒಬ್ಬನೇ ನಗುತ್ತಿದ್ದ. ಆಮೇಲೆ ಮರೆತ. ಈಗಿನ ದಿನಗಳಲ್ಲಿ ಆಕೆ ಅವನನ್ನು ರೀ ಎಂದೂ ಕರೆಯುವುದಿಲ್ಲ. ಹತ್ತಿರ ಬಂದು ನಿಲ್ಲುತ್ತಾಳೆ, ಅವನು ನೋಡುವತನಕ ಕಾಯುತ್ತಾಳೆ.

ಗಜೇಂದ್ರಗಡದಲ್ಲಿ ಇಳಿದಾಗ ಗುಡ್ಡದ ಮೇಲೆ ಬಿಸಿಲು ಚುರುಗುಡುತ್ತಿತ್ತು. ಮನೆಯ ಕಡೆ ತಿರುಗಿದ ಸೈರಾಳನ್ನು ಅವನು ಬಜಾರಿನ ಕಡೆ ತಿರುಗಿಸಿದ. ‘ಅವ್ವ ಅನ್ನಕ್ಕಿಟ್ಟು ದಾರಿ ನೋಡ್ತಿರ್ತಾಳ್ರಿ,’ ಎಂದಳು ಆಕೆ. ‘ಐದ ಮಿನಿಟು. ಮುಟ್ಟಿ ನೋಡಿ ಬಂದುಬಿಡೂಣು.’ ಅಂಗಡಿಯಾತನ ಹೆಸರು ಉಮೇಶ. ಯೂಸುಫನದೇ ವಯಸ್ಸು, ಜೆಲ್ ಹಚ್ಚಿ ನಿಲ್ಲಿಸಿದ ಕೂದಲು, ಕತ್ತಿನಲ್ಲಿ ತೂಗುವ ಮೊಬೈಲು, ಪ್ರತಿ ಮಾತಿಗೂ ಹುಬ್ಬಳ್ಳಿ, ಬೆಂಗಳೂರು ಎನ್ನುವ ಚಾಳಿ. ಅಂಥವರ ಮುಂದೆ ಯೂಸುಫ ಕುಗ್ಗುತ್ತಿದ್ದ, ಕುಗ್ಗಿದ್ದು ತಿಳಿಯಬಾರದೆಂದು ಹೆಚ್ಚು ನಗುತ್ತಿದ್ದ. ಮೊದಲು ಕೊಟ್ಟದ್ದರ ದಿಂಬು ಬರೀ ಸ್ಪಂಜು. ಗಾದಿ ಹೊಲಿಯುವ ಮನೆಯ ಹುಡುಗ, ಹೆಬ್ಬೆಟ್ಟಿನಿಂದ ಒತ್ತಿದವನೇ ವಾಪಸು ಕೊಟ್ಟ. ಎರಡನೆಯದಕ್ಕೆ ಹಿಂಬದಿ ಮುಚ್ಚಿದ್ದರೂ ಅದು ಚಿಕ್ಕದು, ಕಿವಿಯ ಮೇಲೆ ಕೂರುತ್ತದೆ, ಕಿವಿಯನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಸಿನಿಮಾದ ಮಳೆ ಚೆನ್ನಾಗಿ ಬಂತು, ಪಿಸುಮಾತು ಮಳೆಯಲ್ಲಿ ಕೊಚ್ಚಿಹೋಯಿತು. ಮೂರನೆಯದನ್ನು ಉಮೇಶ ಒಳಗಿನಿಂದ ಡಬ್ಬಿಯ ಸಮೇತ ತಂದ.

ಕರೀ ರೆಕ್ಸಿನ್ನಿನ ದಪ್ಪ ದಿಂಬು. ಹೆಬ್ಬೆಟ್ಟು ಒಳಗಿಳಿಯಿತು, ತಡೆದು ನಿಧಾನಕ್ಕೆ ಮೇಲೆದ್ದಿತು. ಹಿಂಬದಿ ನುಣುಪು, ಒಂದೂ ತೂತಿಲ್ಲ. ಹಾಕಿಕೊಂಡ ಕೂಡಲೇ ಬಜಾರು ಇಲ್ಲವಾಯಿತು: ತರಕಾರಿ ಕೂಗು, ಸೈಕಲ್ ಗಂಟೆ, ಉಮೇಶನ ಬೆಂಗಳೂರು, ಎಲ್ಲ. ಉಮೇಶ ಸಿ.ಡಿ. ಹಾಕಿ ಸಿನಿಮಾ ಹಚ್ಚಿದ. ಮಳೆ ಯೂಸುಫನ ಕತ್ತಿನ ಹಿಂದೆ ಬಿತ್ತು, ಪಿಸುಮಾತು ನೇರ ಎದುರಿಗೆ ಬಂತು, ಬೈಗುಳ ಕೂಡ ತಿಳಿಯಿತು. ಆಟ ಹಚ್ಚಿದ, ಎಡಗಡೆ ಹಿಂದಿನಿಂದ ಜಲ್ಲಿಯ ಮೇಲೆ ಹೆಜ್ಜೆ, ಯೂಸುಫ ನಿಜವಾಗಿಯೂ ತಲೆ ತಿರುಗಿಸಿ ಅಂಗಡಿಯ ಎಡಮೂಲೆಯನ್ನು ನೋಡಿದ, ಅಲ್ಲಿ ಕಸಬರಿಗೆ ಇತ್ತು. ಎದೆ ಬಡಿದುಕೊಳ್ಳತೊಡಗಿತು. ಹಾಡು ಹಚ್ಚಿದ. ಯೂಸುಫ ಕಣ್ಣು ಮುಚ್ಚಿದ. ಮೊದಲ ಚರಣ, ಎರಡನೆಯದು, ತಬಲಾ ಹೊಟ್ಟೆಯೊಳಗೆ ಬಿದ್ದಂತೆ ಬೀಳುತ್ತಿತ್ತು, ಆದರೆ ಹಾರ್ಮೋನಿಯಮ್ಮನ್ನು ತುಳಿಯುತ್ತಿರಲಿಲ್ಲ. ಕೊನೆಯ ಚರಣ ಬಂದಾಗ ಉಸಿರು ಹಿಡಿದ. ಇತ್ತು. ಗೆಜ್ಜೆ ಇತ್ತು, ಬಲಗಡೆ, ದೂರದಲ್ಲಿ, ಬೇರೆ ಯಾವುದೋ ಕೋಣೆಯಲ್ಲಿ ಯಾರೋ ಎದ್ದು ಹೋದ ಹಾಗೆ. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ನಾಚಿಕೆಯಾಯಿತು, ಆದರೂ ಜಗತ್ತಿನ ಮೇಲೆ ತನಗೆ ಇಷ್ಟು ಪ್ರೀತಿ ಇದೆ ಎಂದು ಅವನಿಗೆ ಆ ಗಳಿಗೆಯತನಕ ತಿಳಿದಿರಲಿಲ್ಲ. ತೆಗೆದವನೇ, ‘ಸೈರಾ, ಐತಿ! ಗೆಜ್ಜಿ ಐತಿ!’ ಎಂದು ಕೂಗಿದ. ಬಾಗಿಲಲ್ಲಿ ಉಂಡಿಯ ಡಬ್ಬಿ ಹಿಡಿದು ನಿಂತಿದ್ದ ಆಕೆ, ಬಹಳ ದಿನಗಳ ಮೇಲೆ, ನಕ್ಕಳು.

‘ಹೊರಗಿನ ಸಪ್ಪಳ ಎಷ್ಟ ಒಳಗ ಬರತೈತಿ ನೋಡಬೇಕಲ್ರಿ ಮತ್ತ?’ ಎಂದ ಉಮೇಶ. ‘ಅಕ್ಕಾರಿಗೆ ಹಾಕ್ರಿ. ನಾವಿಬ್ರು ಇಲ್ಲಿ ಮಾತಾಡೂಣು, ಕೇಳತೈತೋ ಇಲ್ಲೋ ಅವರ ಹೇಳ್ತಾರು.’ ಯೂಸುಫನಿಗೆ ಈ ಪರೀಕ್ಷೆ ಬಹಳ ಹಿಡಿಸಿತು. ಅವನೇ ಕೈಯಾರೆ ಸೆರಗು ಸರಿಸಿ ಆಕೆಯ ಕಿವಿಗೆ ಹಾಕಿದ, ಹಾಡು ಹಚ್ಚಿಸಿದ, ಎರಡು ಹೆಜ್ಜೆ ಹಿಂದೆ ಬಂದು ನಿಂತ. ಇನ್ನು ಏನಾದರೂ ಮಾತಾಡಬೇಕು. ಏನು? ಉಮೇಶ ಕಣ್ಣು ಮಿಟುಕಿಸಿ, ‘ಮನ್ಯಾಗ ಜೋರಾ?’ ಎಂದ. ಮದುವೆಯಾದ ಗಂಡಸರು ಇಂಥದಕ್ಕೆ ಕೊಡುವ ಉತ್ತರ ಒಂದಿದೆ, ಯೂಸುಫ ಅದನ್ನು ಎಷ್ಟೋ ಬಾಯಲ್ಲಿ ಕೇಳಿದ್ದ, ತಾನು ಆಡುವ ಅವಕಾಶ ಬಂದಿರಲಿಲ್ಲ. ಖುಷಿ ನೆತ್ತಿಗೇರಿತ್ತು. ‘ಏನ್ ಕೇಳ್ತೀರಿ! ಮಗ್ಗ ನಿಂತ್ರೂ ಈಕಿ ಬಾಯಿ ನಿಲ್ಲಂಗಿಲ್ರಿ. ಇದನ್ನ ತಗೊಳ್ಳಾಕತ್ತಿದ್ದ ಅದರ ಸಲುವಾಗಿ. ಹಾಕ್ಕೊಂಡು ಕುಂತ್ನಿ ಅಂದ್ರ ಈಕಿ ಒದರಿದ್ದು ಒಂದೂ ಕೇಳಬಾರ್ದು ನೋಡ್ರಿ ನನಗ!’ ಉಮೇಶ ಮೇಜು ತಟ್ಟಿ ನಕ್ಕ. ಯೂಸುಫನೂ ನಕ್ಕ. ಹೆಂಡತಿಯ ಕಣ್ಣು ತನ್ನ ಮುಖದ ಮೇಲೇ, ತನ್ನ ಬಾಯಿಯ ಮೇಲೇ ನಿಂತಿದ್ದನ್ನು ನೋಡಿ, ಹಾಡಿನ ಗುಂಗಿನಲ್ಲಿ ಆಕೆ ತನ್ನನ್ನು ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡ.

ಸೈರಾಬಾನು ಹೆಡ್‌ಫೋನನ್ನು ನಿಧಾನಕ್ಕೆ ತೆಗೆದಳು. ಸೆರಗು ಸರಿಮಾಡಿಕೊಂಡಳು. ‘ಕೇಳಲಿಲ್ರಿ,’ ಎಂದಳು ಉಮೇಶನಿಗೆ. ‘ಒಂದ ಅಕ್ಷರನೂ ಕಿವಿಗೆ ಬೀಳಲಿಲ್ಲ. ಇದನ್ನ ಕಟ್ರಿ. ಇವರಿಗೆ ಹೇಳಿ ಮಾಡಿಸಿದಂಗೈತಿ. ನಾ ಒದರಿದ್ದು ಇದ್ರಾಗ ಒಂದೂ ಕೇಳೂದಿಲ್ಲ.’

ಉಮೇಶ ನಗುವನ್ನು ಅರ್ಧಕ್ಕೇ ನಿಲ್ಲಿಸಿ ಒಮ್ಮೆ ಹೆಡ್‌ಫೋನನ್ನೂ ಒಮ್ಮೆ ಆಕೆಯನ್ನೂ ನೋಡಿದ. ಅವನಿಗೆ ಮಾಲು ಕೆಟ್ಟದ್ದೋ ಎಂಬ ಹೆದರಿಕೆ. ಯೂಸುಫನಿಗೆ ಕಾಲಿನ ಕೆಳಗಿನ ಫರಶಿ ತಣ್ಣಗಾಯಿತು. ತುಟಿ. ಮಗ್ಗದ ಮನೆ. ಎಲ್ಲ ಗೊತ್ತಿದ್ದೂ, ಅವ್ವ ಊಟ ಬಿಟ್ಟದ್ದು ನೆನಪಿದ್ದೂ, ರೋಣದ ಕಟ್ಟೆಯ ಮೇಲೆ ಈಗಷ್ಟೇ ನೋಡಿದ್ದೂ, ಕಿವಿ ಮುಚ್ಚಿದರೆ ಸೈರಾಳಿಗೆ ಮಾತು ತಿಳಿಯುವುದಿಲ್ಲ ಎಂದು ಹೇಗೆ ಅಂದುಕೊಂಡ? ಅದಕ್ಕಿಂತ ಹೆಚ್ಚಿಗೆ ಸುಟ್ಟದ್ದು ಬೇರೆ. ಆಡಿದ್ದು ಸುಳ್ಳು. ಆಕೆಯ ಬಾಯಿ ನಿಂತು ಎಷ್ಟೋ ದಿನವಾಗಿದೆ. ಆ ಮೌನಕ್ಕೆ ತಾನೇ ಸಂಕಟಪಡುತ್ತಿದ್ದವನು, ಹೊರಗಿನವನೊಬ್ಬನ ಎದುರು ಗಂಡಸಾಗಲು ಅದನ್ನೇ ಗಲಾಟೆ ಎಂದು ಮಾರಿಬಿಟ್ಟ. ಉಮೇಶ ಬಿಲ್ಲು ಹರಿದು ಕೊಟ್ಟ, ಯೂಸುಫ ಚೌಕಾಶಿಯನ್ನೂ ಮಾಡದೆ ರೊಕ್ಕ ಕೊಟ್ಟ. ದಾರಿಯಲ್ಲಿ ಆಕೆ ನಾಲ್ಕು ಹೆಜ್ಜೆ ಮುಂದೆ. ‘ಸೈರಾ, ಚ್ಯಾಷ್ಟಿ ಅದು, ಸುಮ್ಮನ ಅಂದೆ,’ ಎಂದ. ಆಕೆ ತಿರುಗಲಿಲ್ಲ. ಮುಖ ಕಾಣದಿದ್ದರೆ ತನ್ನ ಮಾತು ಆಕೆಯನ್ನು ಅರ್ಧವೇ ಮುಟ್ಟುತ್ತದೆ ಎಂದು ಅವನಿಗನ್ನಿಸಿತು. ಓಡಿ ಮುಂದೆ ಹೋಗಿ ಹಿಂದೆ ಹಿಂದೆ ನಡೆಯುತ್ತ ಹೇಳಬೇಕೆಂದುಕೊಂಡ, ಬಜಾರು, ಜನ, ಆಗಲಿಲ್ಲ. ಇಷ್ಟೆಲ್ಲ ಆದರೂ ಕೈಯಲ್ಲಿನ ಡಬ್ಬಿಯ ತೂಕ ಹಿತವಾಗಿತ್ತು. ಗೆಜ್ಜೆ ಇನ್ನೂ ತಲೆಯಲ್ಲಿ ಎಲ್ಲೋ ಆಡುತ್ತಿತ್ತು. ಇಂಥ ಹೊತ್ತಿನಲ್ಲೂ ತನ್ನ ಒಂದು ಭಾಗ ಕುಣಿಯುತ್ತಲೇ ಇದೆಯಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಕೆಯಾಯಿತು, ಹೇಸಿಕೆಯಾದರೂ ಅದು ಕುಣಿಯುವುದನ್ನು ನಿಲ್ಲಿಸಲಿಲ್ಲ.

ಮಗ್ಗದ ಸದ್ದು ಓಣಿಯ ತಿರುವಿನಲ್ಲೇ ಸಿಕ್ಕಿತು, ಮೊದಲು ಅಂಗಾಲಿಗೆ, ಆಮೇಲೆ ಕಿವಿಗೆ. ಒಳಗೆ ಹೋದರೆ ಖಟಪಟ ಖಟಪಟ ಎಂದು ನಾಲ್ಕೂ ಮಗ್ಗ ಒಟ್ಟಿಗೆ, ಹಲ್ಲು ಕೂಡ ಅದುರುವಂತೆ. ಮಾವ ಬಾಷಾಸಾಬ ಮಗ್ಗದ ಮೇಲಿಂದಲೇ ಕೈಯೆತ್ತಿ ಸಲಾಂ ಮಾಡಿದ. ಆ ಕಡೆಯ ಗೋಡೆಗೆ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದ ಅತ್ತೆ ಮಗಳನ್ನು ನೋಡಿದ್ದೇ ತಡ, ಇಬ್ಬರ ತುಟಿಗಳೂ ಶುರುವಾದವು. ಯೂಸುಫ ಬಾಗಿಲಲ್ಲೇ ನಿಂತುಬಿಟ್ಟ. ಅವನು ಇಂಥದನ್ನು ನೋಡಿರಲಿಲ್ಲ. ಸೈರಾ ಮಾತಾಡುತ್ತಿದ್ದಳು. ಹುಬ್ಬು ಏರಿತು, ಬಾಯಿ ಅಗಲವಾಯಿತು, ಚೂಪಾಯಿತು, ಕೈ ಒಮ್ಮೆ ಬೀಬಿಜಾನಳಂತೆ ಸೊಂಟಕ್ಕೆ ಹೋಯಿತು, ಒಮ್ಮೆ ಬಸ್ಸಾಯಿತು. ನಡುವೆ ನಗು, ನಡುವೆ ಯಾವುದೋ ನೋವು, ಮತ್ತೆ ನಗು. ಇಷ್ಟು ದಿನದ ಮಾತೆಲ್ಲ ಒಂದೂ ದನಿಯಿಲ್ಲದೆ ಹರಿಯುತ್ತಿತ್ತು, ಮತ್ತು ಅದರ ಒಂದು ತುಣುಕೂ ಅವನಿಗೆ ತಿಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಆಡಿದ ಸುಳ್ಳು ಇಲ್ಲಿ ಮಾತ್ರ ಖರೇ ಆಗಿತ್ತು. ಅತ್ತೆ ಅವನ ಕಡೆ ನೋಡಿದಳು, ಬಾಯಿಗೆ ಕೈ ಹಿಡಿದಳು. ಅಂಗಡಿಯದನ್ನು ಸೈರಾ ಹೇಳಿಬಿಟ್ಟಳೇ? ಬೇರೇನೋ ಇರಬಹುದೇ? ಅಂಗಡಿಯ ಪಿಸುಮಾತು, ಎಡಗಡೆಯ ಹೆಜ್ಜೆ, ದೂರದ ಗೆಜ್ಜೆ ಎಲ್ಲ ಸಿಕ್ಕಿದವನಿಗೆ ಹತ್ತು ಹೆಜ್ಜೆ ಆಚೆ ನಿಂತ ಹೆಂಡತಿಯ ಮಾತು ಸಿಕ್ಕುತ್ತಿಲ್ಲ ಎಂದು ಹೊಟ್ಟೆಕಿಚ್ಚು ಬಂತು.

ಬಾಷಾಸಾಬ ಹತ್ತಿರ ಬಂದು ಕಿವಿಗೆ ಬಾಯಿ ಹಚ್ಚಿ, ‘ಏನ್ ತಂದ್ರಿ? ಹಾಕ್ಕೊಂಡ್ ತೋರಸ್ರಿ ನೋಡೂಣು!’ ಎಂದು ಕೂಗಿದ. ಬೇಡವೆನ್ನಲು ಆಗಲಿಲ್ಲ. ಡಬ್ಬಿ ಒಡೆದು ಹಾಕಿಕೊಂಡ, ವಾಯರಿನ ತುದಿ ಯಾವುದಕ್ಕೂ ಸೇರದೆ ಮೊಣಕಾಲಿನ ಹತ್ತಿರ ತೂಗುತ್ತಿತ್ತು. ‘ಹಾಡು ಬರ್ತಾವೇನ್ರಿ?’ ಎಂದು ಮಾವ ಕೈಯಾಡಿಸಿ ಕೇಳಿದ್ದು ಮಾತ್ರ ತಿಳಿಯಿತು, ಹೂಂ ಎಂದು ತಲೆಯಾಡಿಸಿದ. ಮಗ್ಗದ ಸದ್ದು ದೂರ ಸರಿದು, ಆಳದಲ್ಲಿ ಎಲ್ಲೋ ಒಂದು ಗುಂಯ್ ಎನ್ನುವುದಷ್ಟೇ ಉಳಿಯಿತು. ಓದಿದ್ದು ಸುಳ್ಳಲ್ಲ, ಎಂಥ ಮಾಲು ಎಂದು ಎದೆ ಉಬ್ಬಿತು. ಉಬ್ಬಿದ ಕ್ಷಣದಲ್ಲೇ ಅವನಿಗೆ ತನ್ನ ಮುಂದಿನ ದಿನಗಳು ಕಂಡವು: ಪಡಸಾಲೆಯ ಮೂಲೆ, ಕಿವಿಯಲ್ಲಿ ಇದು, ಕುರ್ಚಿಯ ಹಿಂದೆ ಬಂದು ನಿಂತು, ಅವನು ನೋಡುವತನಕ ಕಾಯುವ ಸೈರಾ. ಹೆದರಿಕೆಯಾಯಿತು. ಮಗ್ಗಗಳ ಆಚೆಯಿಂದ ಆಕೆ ಅವನನ್ನೇ ನೋಡುತ್ತಿದ್ದಳು. ಈಗ ಆಗಬೇಕು, ಇಲ್ಲದಿದ್ದರೆ ಇಲ್ಲ ಎನ್ನಿಸಿತು. ಇವರ ಪದ್ಧತಿಯಲ್ಲೇ ಹೇಳುತ್ತೇನೆ ಎಂದು ಯೂಸುಫ ಬಾಯಿ ಅಗಲವಾಗಿ ತೆರೆದು, ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ತಿದ್ದಿ ತಿದ್ದಿ ಹೇಳತೊಡಗಿದ. ಸೈರಾ, ತಪ್ಪಾತು. ನಾ ಅಂಗಡ್ಯಾಗ ಸುಳ್ಳ ಹೇಳಿದೆ. ನೀ ಮಾತಾಡಂಗಿಲ್ಲಂತ ನನಗ ಭಾಳ ಸಂಕಟ ಆಕ್ಕೈತಿ. ಲಾಳಿ ಹಣಿಗಿ ಬಡದು ಆಮ್ಯಾಲೆ ಏನಾತು? ಅದನ್ನ ಹೇಳು. ನನಗ ಅದು ಕೇಳಬೇಕು.

ಹೇಳುತ್ತ ಹೋದಂತೆ ಏನೋ ಸರಿಯಿಲ್ಲ ಎನ್ನಿಸಿತು. ಬಾಷಾಸಾಬ ತಲೆ ತಗ್ಗಿಸಿ ಮೀಸೆಯೊಳಗೆ ನಗುತ್ತಿದ್ದ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲುಗುತ್ತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು. ಯೂಸುಫ ಮಗ್ಗದ ಕಡೆ ನೋಡಿದ. ಲಾಳಿ ನಿಂತಿತ್ತು. ನಾಲ್ಕೂ ನಿಂತಿದ್ದವು. ಕರೆಂಟು ಯಾವಾಗಲೋ ಹೋಗಿತ್ತು. ಕಿವಿಯೊಳಗೆ ಉಳಿದ ಗುಂಯ್‌ಗುಡುವಿಕೆಯನ್ನೇ ಅವನು ಮಗ್ಗ ಎಂದುಕೊಂಡಿದ್ದ. ಮತ್ತು ತನ್ನ ದನಿ ಒಳಗಿದೆಯೋ ಹೊರಗಿದೆಯೋ ಎಂದು ಬೆನ್ನು ಮುಚ್ಚಿದ ಆ ಬಟ್ಟಲುಗಳು ಅವನಿಗೆ ಹೇಳಿರಲಿಲ್ಲ. ಓಣಿಗೆಲ್ಲ ಕೇಳುವಂತೆ ಕೂಗಿದ್ದ.

ಮೈಯೆಲ್ಲ ಬಿಸಿಯಾಯಿತು. ಆದರೂ ಕಿವಿಯಿಂದ ತೆಗೆಯಲು ಕೈ ಏಳಲಿಲ್ಲ, ಏಕೆ ಎಂದರೆ ಸೈರಾಬಾನು ಮಗ್ಗಗಳ ನಡುವಿನ ಇಕ್ಕಟ್ಟಿನಲ್ಲಿ ಅವನ ಕಡೆಗೇ ನಡೆದು ಬರುತ್ತಿದ್ದಳು. ಆಕೆಯ ಕಣ್ಣು ಒದ್ದೆಯಾಗಿತ್ತು, ಮೂಗಿನ ತುದಿಯಲ್ಲಿ ನಗು ಕೂತಿತ್ತು. ತಾಯಿ ತಂದೆಗೆ ಬೆನ್ನು ಹಾಕಿ, ಅವನೊಬ್ಬನಿಗೇ ಮುಖ ಕಾಣುವಂತೆ ನಿಂತು, ತುಟಿಯಾಡಿಸಿದಳು. ಬಿಸಿ ಚಾ ಆರಿಸುವಾಗಿನಂತೆ ತುಟಿ ದುಂಡಗಾಗಿ ಮುಂದೆ ಬಂತು, ಹಾಗೇ ಒಂದು ಚೂರು ನಿಂತಿತು, ಕೊನೆಗೆ ಮೇಲಿನ ಹಲ್ಲು ಕೆಳತುಟಿಯನ್ನು ಮೆಲ್ಲಗೆ ಮುಟ್ಟಿತು. ಅಷ್ಟೇ. ಬಹಳ ಚಿಕ್ಕ ಮಾತು.

ಅವನು ಹೆಡ್‌ಫೋನನ್ನು ಕತ್ತಿಗೆ ಇಳಿಸಿದ. ಮನೆ ಅಷ್ಟು ನಿಶ್ಶಬ್ದವಾಗಿತ್ತು, ಒಳಗೆ ಅನ್ನ ಕುದಿಯುವುದು ಕೇಳುತ್ತಿತ್ತು.

‘ಏನಂದಿ?’ ಎಂದ.

‘ಏನಿಲ್ರಿ,’ ಎಂದಳು ಸೈರಾ, ಎಲ್ಲರಿಗೂ ಕೇಳುವಂತೆ. ‘ಊಟಕ್ಕ ಬರ್ರಿ ಅಂದೆ.’

ಊಟಕ್ಕೆ ಬರ್ರಿ ಎನ್ನುವಾಗ ಯಾರ ಹಲ್ಲೂ ಕೆಳತುಟಿಯನ್ನು ಮುಟ್ಟುವುದಿಲ್ಲ. ಯೂಸುಫ ಒಮ್ಮೆ ತನ್ನ ಬಾಯಲ್ಲೇ ಅಂದು ನೋಡಿದ, ಆಮೇಲೆ ತನ್ನ ಹೆಸರನ್ನು ಅಂದು ನೋಡಿದ, ಮತ್ತು ಅಂಗಡಿಯಲ್ಲಿ ಗೆಜ್ಜೆ ಸಿಕ್ಕಾಗ ಬಡಿದಂತೆಯೇ ಎದೆ ಬಡಿಯತೊಡಗಿತು. ಹೆಡ್‌ಫೋನನ್ನು ಮತ್ತೆ ಎತ್ತಿ ಎರಡೂ ಕಿವಿಗೆ ಭದ್ರವಾಗಿ ಹಾಕಿಕೊಂಡ. ಈ ಸಲ ಗಂಟಲ ಮೇಲೆ ಬೆರಳಿಟ್ಟು, ದನಿ ಹೊರಗೆ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ತುಟಿಯಲ್ಲಷ್ಟೇ ಹೇಳಿದ.

ಇನ್ನೊಮ್ಮಿ.